ಎಣ್ಣೆ ಹಾಕಿದವರು ಯಾರು?

೩ ಸೆಪ್ಟೆಂಬರ್ ೧೯೭೩, ಸೋಮವಾರ

ಇವತ್ತು ಬೆಳಿಗ್ಗೆ ಗುರುದೇವಿ ಪಡಸಾಲೆಯಲ್ಲಿ ಬಿದ್ದಳು. ಬಿದ್ದಿಲ್ಲ ಎನ್ನುತ್ತಾಳೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಹೊರಗೆ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದೆ. ಒಳಗೆ ಧಡ್ ಎಂದಿತು. ಹೋಗಿ ನೋಡಿದರೆ ನನ್ನ ಹೆಂಡತಿ, ಅರವತ್ತು ದಾಟಿದ ಹೆಂಗಸು, ಜಳಕ ಮುಗಿಸಿ ಬಚ್ಚಲಿನಿಂದ ದೇವರ ಕೋಣೆಗೆ ಹೋಗುವ ದಾರಿಯಲ್ಲಿ ನೆಲಕ್ಕೆ ಕೂತಿದ್ದಾಳೆ. ಒದ್ದೆ ಕಾಲು, ಒದ್ದೆ ಕೂದಲು. ಲಿಂಗದ ಕರಡಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಾಳೆ.

“ಬಿದ್ದೇನು?” ಅಂದೆ.

“ಇಲ್ರಿ, ಕುಂತೀನಿ.”

“ನಡು ಪಡಸಾಲ್ಯಾಗ ಯಾರರೆ ಕುಂದರ್ತಾರೇನು?”

“ನಾ ಕುಂದರ್ತೀನಿ. ನಮ್ಮ ಮನಿ, ಎಲ್ಲಿ ಬೇಕಲ್ಲಿ ಕುಂದರ್ತೀನಿ.”

ಸೊಸೆ ರತ್ನಾಬಾಯಿ ಅಡುಗೆ ಮನೆಯಿಂದ ಓಡಿ ಬಂದು ಎಬ್ಬಿಸಿದಳು. ಅತ್ತೆ ಸೊಸೆ ಇಬ್ಬರೂ ಒಂದು ಸಲ ಮುಖ ಮುಖ ನೋಡಿಕೊಂಡರು. ಆ ನೋಟ ನನಗೆ ಸರಿ ಬರಲಿಲ್ಲ. ಅತ್ತೆ ಸೊಸೆಗೆ ಇಷ್ಟು ಒಗ್ಗಟ್ಟು ಯಾವ ಊರಲ್ಲಿ ಇದೆ?

ಅವರು ಆಚೆ ಹೋದ ಮೇಲೆ ನಾನು ಮೊಣಕಾಲೂರಿ ನೆಲದ ಫರಸಿ ಕಲ್ಲಿನ ಮೇಲೆ ಬೆರಳಾಡಿಸಿದೆ. ಜಿಡ್ಡು. ಮೂಸಿ ನೋಡಿದೆ. ಕುಸುಬೆ ಎಣ್ಣೆಯಲ್ಲ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯೂ ಅಲ್ಲ. ಅಗಸೆ ಎಣ್ಣೆ! ಈ ಮನೆಯಲ್ಲಿ ಅಗಸೆ ಎಣ್ಣೆ ಇರುವುದು ನನ್ನ ಡಬ್ಬಿಯಲ್ಲಿ ಮಾತ್ರ. ಅಂದರೆ ಯಾರೋ ನನ್ನ ಡಬ್ಬಿಯಿಂದಲೇ ಕದ್ದು ನನ್ನ ನೆಲಕ್ಕೆ ಚೆಲ್ಲಿದ್ದಾರೆ.

ನಾನು ಪ್ರತಿ ಶುಕ್ರವಾರ ತಿಕ್ಕುವ ಎಣ್ಣೆ ಬೇರೆ ಮಾತು. ಅದು ಕಲ್ಲಿನ ಮೇಲೆ ಉಳಿಯುವುದಿಲ್ಲ, ಕಲ್ಲಿನೊಳಗೆ ಇಳಿಯುತ್ತದೆ. ಶಹಾಬಾದದ ಪಾಲಿಶ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೇಸ್ತ್ರಿಯಾಗಿದ್ದವನು ನಾನು. ಕಲ್ಲು ಎಷ್ಟು ಎಣ್ಣೆ ಕುಡಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

೫ ಸೆಪ್ಟೆಂಬರ್

ಎಣ್ಣೆ ಡಬ್ಬಿಗೆ ಒಳಗಡೆ ಮೊಳೆಯಿಂದ ಗೀರು ಹಾಕಿಟ್ಟೆ. ಇನ್ನು ಒಂದು ಚಮಚ ಇಳಿದರೂ ಗೊತ್ತಾಗುತ್ತದೆ.

ಪಕ್ಕದ ಮನೆಯ ಸರ್ವರಬೇಗಂ ಬಂದಿದ್ದಳು. ನನ್ನ ಕೈಕೆಳಗೆ ಕಲ್ಲು ಹೊರುತ್ತಿದ್ದವನ ವಿಧವೆ, ಗುರುದೇವಿಗೆ ಇಪ್ಪತ್ತು ವರ್ಷದ ಗೆಳತಿ. ನಮ್ಮ ಪಡಸಾಲೆಯಲ್ಲಿ ಹಳ್ಳ ದಾಟುವವರಂತೆ ಹೆಜ್ಜೆ ಹುಡುಕಿ ಹುಡುಕಿ ಇಡುತ್ತಾಳೆ. ಇದಕ್ಕೂ ಅವಳಿಗೆ ಏನಾದರೂ ಕಾರಣ ಇರಬೇಕು. ಮೊದಲ ಸಲ ಈ ಫರಸಿ ನೋಡಿದ ದಿನ “ಯಾ ಅಲ್ಲಾ, ಮೇಸ್ತ್ರಿ ಭಾಯಿ, ಆಸಮಾನಾ ಹಾಸೀರೇನು ಕೆಳಗ?” ಎಂದು ನೆಲದಲ್ಲಿ ಆಕಾಶವನ್ನೇ ಕಂಡವಳಂತೆ ಅಂದಿದ್ದಳು. ಈಗ ಬಾಯಿ ಬಿಚ್ಚುವುದಿಲ್ಲ. ಹೊಟ್ಟೆಕಿಚ್ಚು ಇದ್ದೀತು.

ಇರಲಿ. ಇಂಥ ನೆಲ ಈ ಊರಲ್ಲಿ ಇನ್ನೊಂದಿಲ್ಲ. ಕಲ್ಲಿನ ಖಣಿಗೆ ನಾನೇ ಹೋಗಿ ಒಂದೊಂದು ಹಲಗೆಯನ್ನೂ ಬಡಿದು ಸದ್ದು ಕೇಳಿ ಆರಿಸಿದ್ದು. ಅರವತ್ತೊಂದನೇ ಇಸವಿಯಲ್ಲಿ ಆರು ತಿಂಗಳು ನಾನೇ ಕೂತು ತಿಕ್ಕಿದ್ದು. ಬಗ್ಗಿದರೆ ಮೀಸೆ ತಿದ್ದಿಕೊಳ್ಳಬಹುದು.

೧೨ ಸೆಪ್ಟೆಂಬರ್

ಡಬ್ಬಿಯಲ್ಲಿ ಎಣ್ಣೆ ಎರಡು ಬೆರಳು ಇಳಿದಿದೆ. ಶುಕ್ರವಾರ ನಾನು ಬಳಸಿದ್ದನ್ನು ಕಳೆದರೆ ಸರಿಹೋಗುತ್ತದೆ. ಕಳ್ಳ ಹುಷಾರಾಗಿದ್ದಾನೆ.

ಇನ್ನೊಂದು ಸಂಗತಿ. ಹಲಗೆಗಳ ಸಂದಿಯಲ್ಲಿ ಗೋಣಿ ನಾರಿನ ಎಳೆಗಳು ಸಿಕ್ಕವು, ಏಳೆಂಟು. ನನ್ನ ಪಡಸಾಲೆಗೆ ಗೋಣಿಚೀಲ ಯಾಕೆ ಬಂತು? ರತ್ನಾಬಾಯಿಯನ್ನು ಕೇಳಿದೆ. “ಜ್ವಾಳದ ಚೀಲ ಎಳದೀನ್ರಿ ಮಾವ,” ಅಂದಳು. ಜೋಳದ ಚೀಲ ಇರುವುದು ಹಿತ್ತಲ ಕೋಣೆಯಲ್ಲಿ. ಅಲ್ಲಿಂದ ಅಡುಗೆ ಮನೆಗೆ ಪಡಸಾಲೆಯ ಮೇಲೆ ಹಾದು ಬರುವ ದಾರಿಯೇ ಇಲ್ಲ. ಸುಳ್ಳು ಹೇಳುವವರಿಗೆ ಮನೆಯ ದಿಕ್ಕಾದರೂ ನೆನಪಿರಬೇಕು.

೧೭ ಸೆಪ್ಟೆಂಬರ್

ಪೇಟೆಗೆಂದು ಹೊರಟವನು ಕನ್ನಡಕ ಮರೆತು ಅರ್ಧ ದಾರಿಯಿಂದ ಹಿಂದಿರುಗಿದೆ. ಗಲ್ಲಿಯ ಮೂಲೆ ತಿರುಗಿದ ಕೂಡಲೇ ಸರ್ವರಬೇಗಂ ತನ್ನ ಬಾಗಿಲಲ್ಲಿ ಕೆಮ್ಮತೊಡಗಿದಳು. ಆ ಹೆಂಗಸಿಗೆ ಎಂಥ ರೋಗವೋ, ನನ್ನನ್ನು ಕಂಡಾಗಲೇ ಕೆಮ್ಮು ಬರುತ್ತದೆ. ನಮ್ಮ ಬಾಗಿಲಿಗೆ ಬಂದರೆ ಒಳಗಿಂದ ಅಗಳಿ ಹಾಕಿದೆ. ಒಳಗೆ ಸರಬರ ಸದ್ದು, ಬಳೆ ಸದ್ದು, ಪಿಸುಮಾತು. ಬಾಗಿಲು ತೆಗೆಯಲು ಎಷ್ಟು ಹೊತ್ತು!

“ಏನ್ ಮುಚ್ಚಿಡಾಕತ್ತೀರಿ?” ಅಂದೆ.

“ಏನಿಲ್ರಿ, ಕಸ ಹೊಡೀಲಿಕತ್ತಿದ್ವಿ,” ಅಂದಳು ಗುರುದೇವಿ. ಅವಳ ಹಣೆಯಲ್ಲಿ ಬೆವರು. ರತ್ನಾಬಾಯಿಯ ಕೈ ಬೆನ್ನ ಹಿಂದೆ. ಕಸಬರಿಗೆ ಮಾತ್ರ ಮೂಲೆಯಲ್ಲಿ ತನ್ನ ಮೊಳೆಗೆ ತೂಗುತ್ತಿತ್ತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ.

೧೮ ಸೆಪ್ಟೆಂಬರ್

ಗೋಡೆಯನ್ನೂ ಯಾರೋ ಹೊಲಸು ಮಾಡುತ್ತಿದ್ದಾರೆ. ದೀಪಾವಳಿಗೆ ಸುಣ್ಣ ಹೊಡೆಸಿದರೆ ಯುಗಾದಿಯೊಳಗೆ ಎದೆಮಟ್ಟಕ್ಕೆ ಕಪ್ಪು ಪಟ್ಟಿ. ಪ್ರತಿ ವರ್ಷ ಇದೇ. ರತ್ನಾಬಾಯಿಗೆ ಹೇಳಿ ಹೇಳಿ ಸಾಕಾಯಿತು, ಗೋಡೆಗೆ ಒರಗಿಕೊಂಡು ಹರಟೆ ಹೊಡೆಯಬೇಡ ಎಂದು. ಆಯ್ತ್ರಿ ಅನ್ನುತ್ತಾಳೆ. ಅಷ್ಟೇ.

೨೨ ಸೆಪ್ಟೆಂಬರ್, ಶನಿವಾರ

ಮತ್ತೆ ಬಿದ್ದಳು. ಅದೇ ಜಾಗ, ಅದೇ ಹೊತ್ತು. ಈ ಸಲ ಕೂತಿದ್ದೆ ಎನ್ನಲಾಗಲಿಲ್ಲ, ಮುಂಗೈ ಊದಿ ಬಂದಿತ್ತು. “ತಲಿ ತಿರುಗಿತ್ರಿ,” ಅಂದಳು.

ಪೇಟೆಯ ಡಾಕ್ಟರರ ಹತ್ತಿರ ಕರೆದೊಯ್ದೆ. ನಾಡಿ ನೋಡಿದರು, ಕಣ್ಣು ನೋಡಿದರು, ಬಿ.ಪಿ. ನೋಡಿದರು. ಎಲ್ಲ ಸರಿಯಿದೆ, ತಲೆ ತಿರುಗುವ ಯಾವ ಲಕ್ಷಣವೂ ಇಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮನ್ಯಾಗ ನೆಲ ಹ್ಯಾಂಗದ?” ಎಂದು ಕೇಳಿದರು.

“ಕನ್ನಡಿ ಹಂಗದ್ರಿ ಸಾಹೇಬ್ರ,” ಅಂದೆ.

ಕನ್ನಡಕದ ಮೇಲಿಂದ ನನ್ನನ್ನು ಒಂದು ಗಳಿಗೆ ನೋಡಿ ಚೀಟಿಯಲ್ಲಿ ಏನೋ ಇಂಗ್ಲಿಷಿನಲ್ಲಿ ಗೀಚಿದರು. ಏನು ಬರೆದರೋ ಯಾರು ಬಲ್ಲರು. ಎದುರಿಗೆ ಹೇಳಲಾಗದ್ದನ್ನೇ ಜನ ಇಂಗ್ಲಿಷಿನಲ್ಲಿ ಬರೆಯುವುದು.

ಬರುವಾಗ ಟಾಂಗಾದಲ್ಲಿ ಕೇಳಿದೆ, “ಖರೇ ಹೇಳು, ಯಾರು ಎಣ್ಣಿ ಹಾಕ್ತಾರ?” ಅವಳು ಊದಿದ ಕೈ ನೋಡಿಕೊಳ್ಳುತ್ತ, “ಯಾರೂ ಹಾಕಂಗಿಲ್ರಿ, ಸುಮ್ನಿರ್ರಿ,” ಅಂದಳು. ಯಾರನ್ನೋ ಉಳಿಸುತ್ತಿದ್ದಾಳೆ. ರತ್ನಾಬಾಯಿಯನ್ನಲ್ಲದೆ ಇನ್ನಾರನ್ನು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

೨೬ ಸೆಪ್ಟೆಂಬರ್

ಬಲೆ ಹಾಕಿದೆ. ಒಲೆಯ ಬೂದಿಯನ್ನು ಅರಿವೆಯಲ್ಲಿ ಸೋಸಿ, ಪಡಸಾಲೆ ತುಂಬ, ಬಚ್ಚಲ ಬಾಗಿಲಿನವರೆಗೂ ತೆಳ್ಳಗೆ ಉದುರಿಸಿದೆ. ಯಾರು ಬಂದರೂ ಹೆಜ್ಜೆ ಮೂಡಬೇಕು. ಎಣ್ಣೆ ಚೆಲ್ಲಿದರೆ ಬೂದಿ ಕಪ್ಪಾಗಿ ಅಲ್ಲಲ್ಲೇ ಉಂಡೆ ಕಟ್ಟಬೇಕು. ಪೊಲೀಸರಿಗೂ ಹೊಳೆಯದ ಉಪಾಯ!

ಈ ಶುಕ್ರವಾರ ಎಣ್ಣೆ ತಿಕ್ಕುವುದಿಲ್ಲ. ಬಲೆ ಕೆಡುತ್ತದೆ.

೪ ಅಕ್ಟೋಬರ್

ಎಂಟು ದಿನವಾಯಿತು. ಒಬ್ಬರೂ ಬಿದ್ದಿಲ್ಲ. ಮೂಡಿದ ಹೆಜ್ಜೆಗಳೆಲ್ಲ ಮನೆಯವರವೇ. ಗುರುದೇವಿಯ ಹೆಜ್ಜೆಯಂತೂ ಐದೂ ಬೆರಳು ಸಮೇತ ಸ್ಪಷ್ಟವಾಗಿ ಮೂಡಿದೆ. ಎಣ್ಣೆಯ ಸುಳಿವಿಲ್ಲ. ಕಳ್ಳ ಹೆದರಿದ್ದಾನೆ.

ಆದರೆ ಒಂದು ವಿಷಯ ನನಗೆ ಬಗೆಹರಿಯುತ್ತಿಲ್ಲ. ಕೂದಲೆಳೆ ಬಿದ್ದರೂ ಸಹಿಸದ ಗುರುದೇವಿ ಈ ಬೂದಿಗೆ ಒಂದು ಮಾತೂ ಆಡಿಲ್ಲ. ನಿನ್ನೆ ರತ್ನಾಬಾಯಿ ಕಸಬರಿಗೆ ಹಿಡಿದರೆ, “ಇರಲಿ ಬಿಡ, ಮಾವ ಹಾಕ್ಯಾರ,” ಅಂದಳು. ಜಳಕ ಮಾಡಿ ಬರುವಾಗ ಬಾಯಲ್ಲಿ ಏನೋ ಹಾಡು ಗುನುಗುತ್ತಿದ್ದಳು. ಹೆಂಗಸು ಕಾರಣವಿಲ್ಲದೆ ಸಂತೋಷವಾಗಿದ್ದರೆ ಗಂಡಸು ಎಚ್ಚರವಾಗಿರಬೇಕು.

೧೨ ಅಕ್ಟೋಬರ್, ಶುಕ್ರವಾರ

ಚಿತ್ತಾಪುರದಿಂದ ಸಾಹುಕಾರ ಅಮೃತಪ್ಪನವರು ಹೇಳಿ ಕಳಿಸಿದ್ದಾರೆ. ಐತವಾರ ಬರುತ್ತಾರಂತೆ. ಹೊಸ ಮನೆ ಕಟ್ಟಿಸುತ್ತಿದ್ದಾರೆ, ನಮ್ಮ ಮನೆಯ ನೆಲ ನೋಡಿ ಅಂಥದ್ದೇ ಮಾಡಿಸಬೇಕಂತೆ, ನಾನೇ ನಿಂತು ಮಾಡಿಸಬೇಕಂತೆ. ಕೆಲಸ ಬಿಟ್ಟು ಮೂರು ವರ್ಷವಾದರೂ ಹೆಸರು ಸವೆದಿಲ್ಲ ನೋಡಿ!

ಬೂದಿ ಎಲ್ಲ ಗುಡಿಸಿ ತೊಳೆದೆ. ಎಣ್ಣೆ ಎರಡು ಕೈ ತಿಕ್ಕಿದೆ. ಸಂಜೆ ಬಿಸಿಲು ಒಳಗೆ ಬಿದ್ದಾಗ ಮಾಡಿನ ತೊಲೆಗಳೆಲ್ಲ ನೆಲದಲ್ಲಿ ಕಾಣುತ್ತಿದ್ದವು. ಗುರುದೇವಿ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು, “ಬೂದಿ ಇದ್ರ ಏನಾಗ್ತಿತ್ರಿ, ಅವರೇನು ಪರಕೀಯರ?” ಅಂದಳು.

“ಸಾಹುಕಾರ ಬೂದಿ ನೋಡಾಕ ಬರ್ತಾನೇನು? ಬುದ್ಧಿ ಅದೋ ಇಲ್ಲೋ?” ಎಂದು ರೇಗಿದೆ. ಅವಳು ಹೊಸ್ತಿಲು ದಾಟಲೇ ಇಲ್ಲ, ಅಲ್ಲಿಂದಲೇ ಒಳಗೆ ಹೋದಳು.

೧೪ ಅಕ್ಟೋಬರ್, ಐತವಾರ

ಅಮೃತಪ್ಪನವರು ಕೂತಿದ್ದರು. ಗುರುದೇವಿ ಚಹಾದ ತಟ್ಟೆ ಹಿಡಿದು ಅದೇ ಜಾಗಕ್ಕೆ ಬಂದಳು. ಬಿದ್ದಳು. ಏಳಲಾಗಲಿಲ್ಲ.

ಬರೆಯಲಾರೆ.

೧೮ ಅಕ್ಟೋಬರ್

ಕಲಬುರ್ಗಿಯ ದವಾಖಾನೆಯಿಂದ ಬರೆಯುತ್ತಿದ್ದೇನೆ. ಮಗ ಖಂಡೆಪ್ಪ ವಾಡಿಯ ರೈಲ್ವೆ ಕೆಲಸಕ್ಕೆ ರಜೆ ಹಾಕಿ ಬಂದಿದ್ದಾನೆ. ಸೊಂಟದ ಎಲುಬು ಬಿರಿದಿದೆಯಂತೆ. ಪೂರಾ ಮುರಿದಿಲ್ಲ, ಅದೇ ಪುಣ್ಯ ಎಂದರು ದೊಡ್ಡ ಡಾಕ್ಟರು. ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು. ಆಮೇಲೆ ನಡೆಸಬೇಕು.

ಖಂಡೆಪ್ಪನನ್ನು ಹೊರಗೆ ಕಳಿಸಿ ನನಗೊಬ್ಬನಿಗೇ ಹೇಳಿದರು: “ಇನ್ನೊಂದು ಸಲ ಬಿದ್ರ ಈಕಿ ಮತ್ತ ಏಳಂಗಿಲ್ಲ. ನೆನಪಿರ್ಲಿ.”

ನೆನಪಿರುವುದೇನು ಬಂತು. ಕಣ್ಣು ಮುಚ್ಚಿದರೆ ಅದೇ ಮಾತು.

೧ ನವೆಂಬರ್, ಗುರುವಾರ

ಮನೆಗೆ ಬಂದು ಐದು ದಿನವಾಯಿತು. ಇವತ್ತಿನಿಂದ ನಮ್ಮ ರಾಜ್ಯಕ್ಕೆ ಮೈಸೂರು ಎನ್ನಬಾರದಂತೆ, ಕರ್ನಾಟಕ ಎನ್ನಬೇಕಂತೆ. ಹೆಸರು ಬದಲಿಸುವವರು ಹಳೆಯದರಲ್ಲಿ ಏನನ್ನೋ ಮುಚ್ಚುತ್ತಿರುತ್ತಾರೆ. ನನಗಂತೂ ಇವತ್ತು ಯಾವುದರ ಮೇಲೂ ನಂಬಿಕೆಯಿಲ್ಲ.

ಅಮೃತಪ್ಪ ಕಾಗದ ಬರೆದಿದ್ದಾನೆ. “ನಮ್ಮ ತಾಯಿಗೆ ಎಂಬತ್ತು ವರ್ಷ. ನಿಮ್ಮ ಫರಸಿ ನೋಡಿ ಅಂಜಿಕೆ ಬಂತು. ನಾವು ಒರಟು ಕಲ್ಲನ್ನೇ ಹಾಕಿಸುತ್ತೇವೆ.” ಇದು ಬೇರೆ ಯಾವನೋ ಮೇಸ್ತ್ರಿ ಕಿವಿ ಊದಿದ್ದು, ಸಂಶಯವೇ ಇಲ್ಲ.

ಆ ಸಿಟ್ಟು ತಲೆಯಲ್ಲಿತ್ತು. ರತ್ನಾಬಾಯಿಯನ್ನು ಕರೆದು ಹೇಳಿಯೇಬಿಟ್ಟೆ: ನೀನು ಈ ಮನೆಯಲ್ಲಿರುವವರೆಗೆ ನನ್ನ ಹೆಂಡತಿಯ ಕಾಲು ಉಳಿಯುವುದಿಲ್ಲ, ಮುಧೋಳಕ್ಕೆ ನಿನ್ನ ತವರಿಗೆ ಹೋಗು.

ಎಂಟು ವರ್ಷದಲ್ಲಿ ನನ್ನೆದುರು ದನಿ ಎತ್ತದ ಹುಡುಗಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

“ಹೋಗ್ತೀನ್ರಿ ಮಾವ, ಇವತ್ತೇ ಹೋಗ್ತೀನಿ. ಆದ್ರ ಒಂದು ಮಾತು ಕೇಳಿ ಕಳಸ್ರಿ. ಅತ್ತಿ ಎಷ್ಟ ಸಲ ಬಿದ್ದಾರ ಗೊತ್ತದೇನು ನಿಮಗ? ಮೂರು ಅಂತೀರಿ. ನಾ ಬಂದಾಗಿಂದ ಎಣಸಿ ಎಣಸಿ ಬಿಟ್ಟೀನಿ. ನೀವು ಹೊರಗ ಕಾಲಿಟ್ಟ ಕೂಡ್ಲೆ ನಾವು ಗೋಣಿಚೀಲ ಹಾಸ್ತೀವಿ. ಅದರ ಮ್ಯಾಲ ಅತ್ತಿ ಜಳಕ ಮಾಡಿ ಬರ್ತಾರ. ಗಲ್ಲಿ ಮೂಲ್ಯಾಗ ನೀವು ಕಂಡ್ರ ಸರ್ವರಬೇಗಂ ಕೆಮ್ಮತಾರ, ನಾವು ಚೀಲ ಎತ್ತಿ ಮಂಚದ ಬುಡಕ ತುರುಕ್ತೀವಿ. ನೀವು ಮನ್ಯಾಗಿದ್ದ ದಿನ ಮಾತ್ರ ಅತ್ತಿ ಬಿದ್ದಾರ. ನೋಡ್ಕೋರಿ ಬೇಕಾದ್ರ.”

“ನನಗ ಹೇಳಾಕ ಏನಾಗಿತ್ತು?”

“ಅತ್ತಿ ಆಣಿ ಹಾಕ್ಯಾರ. ಮಾವ ಜೀವನಾ ಪೂರಾ ಮಂದಿ ಮನಿ ಫರಸಿ ತಿಕ್ಯಾರ, ಇದೊಂದ ತಮ್ಮದು ಅಂತ ಮಾಡ್ಕೊಂಡಾರ, ಹೇಳಿ ಮನಸ ಮುರೀಬ್ಯಾಡ ಅಂದಾರ.”

ಸಂಜೆಯ ಬಸ್ಸಿಗೆ ಹೋಗಿಬಿಟ್ಟಳು. ಸರ್ವರಬೇಗಂಳನ್ನು ಕೇಳಿದೆ, ಅವಳೂ ಅದನ್ನೇ ಹೇಳಿದಳು. ಒಂದಕ್ಷರ ಆಚೀಚೆ ಇಲ್ಲ. ಎರಡು ಬಾಯಲ್ಲಿ ಒಂದೇ ಮಾತು ಬಂದರೆ ಅದು ಕಲಿತ ಪಾಠ. ನಾನು ನಂಬುವುದಿಲ್ಲ.

ಗುರುದೇವಿಯನ್ನು ಕೇಳಲಿಲ್ಲ. ಮಲಗಿದ್ದಳು. ಎಚ್ಚರವಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

೫ ನವೆಂಬರ್

ಇವತ್ತಿನದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಸೊಸೆ ಇಲ್ಲ. ಅವಳ ಕೆಲಸವೆಲ್ಲ ನನ್ನದೇ. ಬೆಳಿಗ್ಗೆ ಜಳಕ ಮಾಡಿ, ಗುರುದೇವಿಯ ಮೈ ಒರೆಸಲು ಬಿಸಿನೀರಿನ ಬೋಗುಣಿ ಹಿಡಿದು ಬಚ್ಚಲಿನಿಂದ ಹೊರಟೆ. ಪಡಸಾಲೆಯಲ್ಲಿ ಎರಡನೇ ಹೆಜ್ಜೆಗೆ ಕಾಲು ನನ್ನದಾಗಿ ಉಳಿಯಲಿಲ್ಲ. ಬೋಗುಣಿ ಒಂದು ಕಡೆ, ನಾನು ಒಂದು ಕಡೆ. ಅಂಗೈ ತಾನೇ ಹೋಗಿ ಗೋಡೆಗೆ ಬಡಿಯಿತು, ಅಲ್ಲೇ ಹಿಡಿದುಕೊಂಡೆ.

ಉಸಿರು ಬಂದ ಮೇಲೆ ನೋಡಿದೆ. ನನ್ನ ಅಂಗೈ ಇದ್ದದ್ದು ಆ ಕಪ್ಪು ಪಟ್ಟಿಯಿಂದ ಒಂದು ಗೇಣು ಮೇಲೆ. ಗುರುದೇವಿ ನನಗಿಂತ ಒಂದು ಗೇಣು ಗಿಡ್ಡ.

ಒದ್ದೆ ನೆಲದಲ್ಲಿ ಗೋಡೆ ಹಿಡಿದುಕೊಂಡೇ ಆ ಪಟ್ಟಿಯ ಹಿಂದೆ ಹೋದೆ. ಮಂಚದ ತಲೆಯ ಹತ್ತಿರ ಶುರುವಾಗುತ್ತದೆ. ಗೋಡೆಗುಂಟ ಬಾಗಿಲಿನವರೆಗೆ, ಬಾಗಿಲ ಚೌಕಟ್ಟಿನ ಮೇಲೆ, ಅಲ್ಲಿಂದ ಅಡುಗೆ ಮನೆಗೆ, ಬಚ್ಚಲಿಗೆ. ಆಚೆಯ ಗೋಡೆಯಲ್ಲಿ ಮತ್ತೆ ಕಾಣಿಸಿ ದೇವರ ಕೋಣೆಯವರೆಗೆ. ಕೈಯಿಂದ ಮುಟ್ಟಿ ಮುಟ್ಟಿ ಸುಣ್ಣ ಕಲ್ಲಿನಂತೆ ನುಣ್ಣಗಾಗಿದೆ. ಮನೆಯ ತುಂಬ ಅವಳ ಕೈ. ನಡುವೆ ಒಂದೇ ಕಡೆ ಅದಿಲ್ಲ. ಬಚ್ಚಲ ಗೋಡೆ ಮುಗಿದು ದೇವರ ಕೋಣೆಯ ಗೋಡೆ ಸಿಗುವವರೆಗಿನ ನಾಲ್ಕು ಹೆಜ್ಜೆ, ಬಟಾಬಯಲು. ಹಿಡಿಯಲು ಏನೂ ಇಲ್ಲ. ಮೂರೂ ಸಲ ಅವಳು ಬಿದ್ದದ್ದು ಆ ನಾಲ್ಕು ಹೆಜ್ಜೆಯಲ್ಲೇ.

ಎರಡು ತಿಂಗಳಿಂದ ಡಬ್ಬಿಗೆ ಗೀರು ಹಾಕಿ, ಬೂದಿ ಚೆಲ್ಲಿ, ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಹುಡುಕಿದ ಕಳ್ಳ ಶುಕ್ರವಾರ ಶುಕ್ರವಾರ ಬಟ್ಟೆ ಹಿಡಿದು ಇಲ್ಲೇ ಮೊಣಕಾಲೂರಿ ಕೂರುತ್ತಿದ್ದ. ನಾಚಿಕೆಯಾಗುತ್ತದೆ. ನನಗೆ ಅಳು ಬಂತು ಎಂದೂ ಬರೆಯುತ್ತೇನೆ, ಯಾರು ಓದುವವರಿದ್ದಾರೆ.

ಅವಳು ಮಂಚದಿಂದಲೇ ಎಲ್ಲ ನೋಡುತ್ತಿದ್ದಳು. “ಗ್ವಾಡಿ ಹೊಲಸ ಮಾಡೀನಿ ಅಂತ ಸಿಟ್ಟು ಬಂತೇನ್ರಿ?” ಅಂದಳು.

“ಯಾಕ ಹೇಳಲಿಲ್ಲ ನೀ?”

ಅವಳು ಅಂದಳು, “ಮನಿಗಿ ಬಂದವರೆಲ್ಲ ಬಗ್ಗಿ ತಮ್ಮ ತಮ್ಮ ಮಾರಿ ನೋಡ್ಕೋತಿದ್ರು. ನಾ ಆವಾಗ ನಿಮ್ಮ ಮಾರಿ ನೋಡೀನಿ. ಹ್ಯಾಂಗ ಹೇಳ್ಲಿ?”

೭ ನವೆಂಬರ್

ಮುಧೋಳಕ್ಕೆ ಹೋಗಿ ಬಂದೆ. ರತ್ನಾಬಾಯಿಯ ಅಪ್ಪನೆದುರು, ತಪ್ಪು ನನ್ನದು ಅಂದೆ. ಅವರು ನನ್ನನ್ನು ಪಾಪ ತಲೆ ಕೆಟ್ಟಿದೆ ಎಂಬಂತೆ ನೋಡಿದರು. ಅವಳು ಚೀಲ ಕಟ್ಟಿಕೊಳ್ಳುತ್ತ ಒಂದೇ ಪ್ರಶ್ನೆ ಕೇಳಿದಳು.

“ಎಣ್ಣಿ ಡಬ್ಬಿ ಎಲ್ಲದ ಮಾವ?”

“ಸರ್ವರಬೇಗಂಗ ಕೊಟ್ಟೀನಿ. ಬಾಗಿಲಿಗಿ ಹಚ್ಕೋತಾಳಂತ.”

“ಹಂಗಾದ್ರ ನಡೀರಿ,” ಅಂದಳು.

೨೧ ನವೆಂಬರ್

ಗೋಣಿಚೀಲ ಈಗ ಹಗಲೆಲ್ಲ ಹಾಸಿಯೇ ಇದೆ. ಆದರೆ ಚೀಲದ ಮೂಲೆ ಮಡಚಿ ಕಾಲಿಗೆ ತೊಡರುತ್ತದೆ, ಒದ್ದೆಯಾದರೆ ಚೀಲವೇ ಜಾರುತ್ತದೆ. ನಾನು ಎರಡು ಸಲ ಮುಗ್ಗರಿಸಿ ನೋಡಿದೆ. ಇದನ್ನು ನಂಬಿ ಅವಳನ್ನು ಇಳಿಸುವುದಿಲ್ಲ. ನಾನು ಯಾವ ಚೀಲವನ್ನೂ ನಂಬುವುದಿಲ್ಲ.

ಕಲ್ಲೇ ಕಾಲನ್ನು ಹಿಡಿಯಬೇಕು. ಬೇರೆ ದಾರಿಯಿಲ್ಲ.

೩ ಡಿಸೆಂಬರ್

ಬೀಸುವ ಕಲ್ಲಿಗೆ ಟಾಕಿ ಹಾಕುವ ಮರೆಮ್ಮ ಗಲ್ಲಿಯಲ್ಲಿ ಕೂಗುತ್ತ ಬಂದಳು. ಸವೆದು ನುಣ್ಣಗಾದ ಬೀಸುಕಲ್ಲನ್ನು ಉಳಿಯಿಂದ ಚುಚ್ಚಿ ಚುಚ್ಚಿ ಮತ್ತೆ ಒರಟು ಮಾಡುವುದು ಅವಳ ಕಸುಬು. ಒಳಗೆ ಕರೆದು ಪಡಸಾಲೆ ತೋರಿಸಿದೆ.

“ಇದಕ್ಕ ಹಾಕಬೇಕು,” ಅಂದೆ.

ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಮೇಸ್ತ್ರಿಯಾರ, ಇದರಾಗ ಮಾರಿ ಕಾಣಸ್ತದಲ್ರಿ! ನಾ ಒಲ್ಲೆ. ಕೈ ಬರಂಗಿಲ್ಲ ನನಗ.”

“ಹಂಗಾದ್ರ ನನಗ ಕಲಸು.”

ಮೂವತ್ತೊಂದು ವರ್ಷ ಕಲ್ಲು ನುಣುಪು ಮಾಡಿದ್ದೇನೆ. ಒರಟು ಮಾಡುವುದು ಗೊತ್ತಿಲ್ಲ. ಮೊದಲ ಹೊಡೆತಕ್ಕೆ ಕಣ್ಣು ಮುಚ್ಚಿಕೊಂಡೆ, ಉಳಿ ಆಳಕ್ಕಿಳಿದು ಚಕ್ಕೆಯೇ ಎದ್ದಿತು. ಮರೆಮ್ಮ ನಕ್ಕಳು. “ಅಷ್ಟ ಜೋರ ಯಾಕ್ರಿ? ಕಲ್ಲೇನು ನಿಮ್ಮ ಬೀಗರೇನು? ಸಾವಕಾಶ ಹೊಡೀರಿ. ಕ್ವಾಳಿ ಕಾಳು ತಿಂದಂಗ.”

ಕೋಳಿ ಕಾಳು ತಿಂದ ಹಾಗೆ 'ಟಕ್ ಟಕ್' ಎಂದು ಸಂಜೆಯವರೆಗೆ ಹೊಡೆದೆ. ಒಂದು ಹಲಗೆಯೂ ಮುಗಿಯಲಿಲ್ಲ. ಗುರುದೇವಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು. ಸದ್ದು ಕೇಳಲಾಗುತ್ತಿಲ್ಲವಂತೆ. ಕೇಳಲಿ ಬಿಡಲಿ, ನಾಳೆಯೂ ಹೊಡೆಯುತ್ತೇನೆ.

೩೦ ಡಿಸೆಂಬರ್

ಹನ್ನೊಂದು ಹಲಗೆ ಆಯಿತು. ಭುಜ ಬಿದ್ದುಹೋಗಿದೆ.

೧೩ ಜನವರಿ ೧೯೭೪

ಖಂಡೆಪ್ಪ ವಾಡಿಯ ಗುಜರಿ ಅಂಗಡಿಯಿಂದ ಕಬ್ಬಿಣದ ಕೊಳವೆ ತಂದ. ಎಲ್ಲಿಯದು, ರಸೀದಿ ತೋರಿಸು ಅಂದೆ. ಹಲ್ಲು ಕಡಿಯುತ್ತ ತೋರಿಸಿದ. ಆ ನಾಲ್ಕು ಹೆಜ್ಜೆಗೆ ಗೋಡೆಯಿಂದ ಗೋಡೆಗೆ ಹಿಡಿಕೆ ಹಾಕಿದೆವು, ಗುರುದೇವಿಯ ಎದೆಮಟ್ಟಕ್ಕೆ. ನಾನೇ ಜೋತು ಬಿದ್ದು ನೋಡಿದೆ. ರತ್ನಾಬಾಯಿಯನ್ನೂ ಜೋತು ಬೀಳಿಸಿದೆ. ಖಂಡೆಪ್ಪನನ್ನೂ. “ಊರ ಮಂದಿನೆಲ್ಲ ಕರೀಲೇನಪ್ಪಾ?” ಅಂದ. ಅವನಿಗೇನು ಗೊತ್ತು, ಡಾಕ್ಟರು ಹೇಳಿದ್ದು ನನ್ನೊಬ್ಬನಿಗೆ.

೨೨ ಜನವರಿ

ಪಡಸಾಲೆಯ ಕೊನೆಯ ಹಲಗೆಗೂ ಟಾಕಿ ಬಿತ್ತು. ಗುರುದೇವಿಯನ್ನು ಮಂಚದಿಂದ ಇಳಿಸಿದೆವು. ಒಂದು ಕಡೆ ರತ್ನಾಬಾಯಿ, ಒಂದು ಕಡೆ ಸರ್ವರಬೇಗಂ. ನಾನು ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದೆ. “ನೀವು ಸರೀರಿ, ನೀವ ಬೀಳ್ತೀರಿ,” ಎಂದು ಬಯ್ದಳು. ಎರಡು ಹೆಜ್ಜೆಗೆ ಕೂತುಬಿಟ್ಟಳು.

೧೯ ಫೆಬ್ರವರಿ

ಹಿಡಿಕೆ ಹಿಡಿದು ದೇವರ ಕೋಣೆಯವರೆಗೆ ಹೋದಳು. ಮೂವರು ಹಿಂದೆ ಹಿಂದೆ.

ಸರ್ವರಬೇಗಂ ತನ್ನ ಬಚ್ಚಲಿಗೂ ಟಾಕಿ ಹಾಕಿಕೊಡಿ ಎಂದಳು. ನಿನಗೇನು ಧಾಡಿ, ಬಾಗಿಲಲ್ಲಿ ಕೆಮ್ಮುತ್ತ ನಿಲ್ಲಲು ಬರುತ್ತದಲ್ಲ ಅಂದೆ. ನಾಳೆ ಹೋಗುತ್ತೇನೆ.

೧೦ ಮಾರ್ಚ್, ಐತವಾರ

ಮಧ್ಯಾಹ್ನ ಊಟ ಮಾಡಿ ಕಟ್ಟೆಯ ಮೇಲೆ ಅಡ್ಡಾಗಿದ್ದೆ. ರತ್ನಾಬಾಯಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಗುರುದೇವಿ ಒಳಗೆ ನಿದ್ದೆ ಮಾಡುತ್ತಿದ್ದಳು. ಕಣ್ಣು ಹತ್ತಿತ್ತು, ಅಷ್ಟರಲ್ಲಿ ಒಳಗೆ ಹೆಜ್ಜೆ ಸಪ್ಪಳ. ದಪ್, ದಪ್, ದಪ್. ಭಾರವಾದ ಹೆಜ್ಜೆ, ಯಾರ ಅಂಜಿಕೆಯೂ ಇಲ್ಲದ್ದು. ಹಿತ್ತಲ ಬಾಗಿಲಿಂದ ಯಾವನೋ ಹೊಕ್ಕಿದ್ದಾನೆ! ಒಳಗೆ ಹಿಡಿಕೆ ಇಲ್ಲದೆ ನಡೆಯಲಾರದ ಹೆಂಗಸು ಒಬ್ಬಳೇ ಇದ್ದಾಳೆ.

ಕೋಲು ಎತ್ತಿಕೊಂಡು ಒಳಗೆ ನುಗ್ಗಿದೆ. “ಯಾಂವಲೇ ಅಂವ?”

ಪಡಸಾಲೆಯ ನಡುವೆ ಗುರುದೇವಿ. ಹಿಡಿಕೆಯಿಂದ ದೂರ, ಗೋಡೆಯಿಂದಲೂ ದೂರ. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಕೈ ಸುಮ್ಮನೆ ಪಕ್ಕಕ್ಕೆ ಇಳಿಬಿದ್ದಿತ್ತು.

“ನಾನ ರೀ. ಮತ್ಯಾರು ಬರ್ತಾರ?”

“ಇಷ್ಟ ಸಪ್ಪಳಾ ಮಾಡ್ಕೋತ ಯಾಕ ನಡೀಲಿಕತ್ತಿ?”

ಅವಳು ನನ್ನ ಕೋಲು ನೋಡಿದಳು, ನನ್ನ ಮುಖ ನೋಡಿದಳು.

“ನಾ ನಡಿಯೂದ ಹಿಂಗ,” ಅಂದಳು.

ನಲವತ್ನಾಲ್ಕು ವರ್ಷದ ಸಂಸಾರ. ಈ ಮನೆಗೆ ಬಂದು ಹನ್ನೆರಡು ವರ್ಷ, ಅಷ್ಟೂ ದಿನ ಈ ಸಪ್ಪಳ ಕೇಳಿರಲಿಲ್ಲ. ನಾನು ಕೋಲು ಹಿಡಿದು ನಿಂತೇ ಇದ್ದೆ. ಅವಳು ನನ್ನನ್ನು ದಾಟಿಕೊಂಡು ಅಡುಗೆ ಮನೆಗೆ ಹೋದಳು, ದಪ್ ದಪ್ ಎಂದು.